ಮೂವತ್ತಕ್ಕೆ ಮೂವತ್ತೂ ಒಂದೇ ಪಕ್ಷಕ್ಕೆ! ಬಾರ್ಬಡೋಸ್‌ನಲ್ಲಿರುವ ಮಗ ಓಟು ಹಾಕಬಹುದಾ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಾನು ಸಾಗರದ ಕಡೆಯವಳು, ಪ್ರೈಮರಿ ಶಾಲೆ ಟೀಚರಾಗಿ ನಿವೃತ್ತಳಾದವಳು. ಮಗ ನಾಲ್ಕು ವರ್ಷದಿಂದ ಬಾರ್ಬಡೋಸ್‌ನಲ್ಲಿದ್ದಾನೆ. ಅಲ್ಲಿನ ರಾಜಧಾನಿ ಬ್ರಿಜ್‌ಟೌನ್‌ನ ಒಂದು ಕಂಪನಿಯಲ್ಲಿ ಅಕೌಂಟೆಂಟ್, ವರ್ಕ್ ಪರ್ಮಿಟ್ ಮೇಲೆ. ಹೆಂಡತಿ, ಮಗು ಜೊತೆಗಿದ್ದಾರೆ. ಅಲ್ಲಿ ಎಲೆಕ್ಷನ್ ಮಾತು ಬಂದಾಗೆಲ್ಲ ನನಗೆ ನಿದ್ದೆ ಬರುವುದಿಲ್ಲ. ಪಾರ್ಲಿಮೆಂಟಿನಲ್ಲಿ ಇರುವುದೇ 30 ಸೀಟಂತೆ, ಮೂವತ್ತನ್ನೂ ಒಂದೇ ಪಕ್ಷ ಗೆದ್ದಿತ್ತಂತೆ, ವಿರೋಧ ಪಕ್ಷವೇ ಇರಲಿಲ್ಲವಂತೆ. 'ಅದು ಸರ್ವಾಧಿಕಾರವೇ ಅತ್ತೆ, ಓಟಿಂಗ್‌ನಲ್ಲೇ ಮೋಸ ಇರಬೇಕು' ಎಂದು ಅಣ್ಣನ ಮಗ ಹೇಳುತ್ತಾನೆ. ವಾಟ್ಸ್ಯಾಪ್‌ನಲ್ಲಿ ಟೈರು ಸುಡುವ ವಿಡಿಯೋ ಬಂತು, ನಿಮಗೂ ಕಳಿಸಿದ್ದೇನೆ. ದೇಶ ಒಮ್ಮೆ ಸಾಲ ತೀರಿಸಲಾಗದೆ ಕೈ ಎತ್ತಿತ್ತು ಎಂದೂ ಓದಿದೆ. ಸರ್ಕಾರ ಬದಲಾದರೆ ಮಗನ ಪರ್ಮಿಟ್ ಏನಾಗುತ್ತದೆ? ಇನ್ನೊಂದು ವಿಷಯ. 'ನೀನೂ ಕಾಮನ್‌ವೆಲ್ತ್ ದೇಶದವನು, ನಿನಗೂ ಇಲ್ಲಿ ಓಟಿದೆ' ಎಂದು ಸಹೋದ್ಯೋಗಿಯೊಬ್ಬರು ಅವನಿಗೆ ಹೇಳಿದರಂತೆ. ಹಾಕಿದರೆ ನಮ್ಮ ದೇಶದ ಪೌರತ್ವ ಹೋಗುವುದಿಲ್ಲವೇ?

ಉತ್ತರ:

ತಾಯಿ, ನಮಸ್ಕಾರ. ಮೊದಲು ಆ ವಿಡಿಯೋ ವಿಷಯ ಮುಗಿಸಿಬಿಡೋಣ, ನಿಮ್ಮ ನಿದ್ದೆ ಕೆಡಿಸಿದ್ದು ಅದೇ ಅನ್ನಿಸುತ್ತದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಿಂದೆ ಕಾಣುವ ಅಂಗಡಿ ಬೋರ್ಡುಗಳೆಲ್ಲ ಫ್ರೆಂಚಿನಲ್ಲಿವೆ. ಬಾರ್ಬಡೋಸ್‌ನಲ್ಲಿ ಬೋರ್ಡು ಇಂಗ್ಲಿಷಿನಲ್ಲಿರುತ್ತದೆ. ಮುನ್ನೂರು ವರ್ಷಕ್ಕೂ ಜಾಸ್ತಿ ಬ್ರಿಟಿಷರ ಕೈಯಲ್ಲಿದ್ದ ದ್ವೀಪ ಅದು. ನೀವು ನೋಡಿದ್ದು ಬಹುಶಃ ಹೈಟಿ. ಅಲ್ಲಿ 2021ರ ಜುಲೈನಲ್ಲಿ ಅಧ್ಯಕ್ಷರನ್ನೇ ಮನೆಯಲ್ಲಿ ಗುಂಡಿಟ್ಟು ಕೊಂದರು. ಆಮೇಲೆ ರಾಜಧಾನಿಯ ಬಹುಪಾಲು ಗ್ಯಾಂಗುಗಳ ಕೈಗೆ ಹೋಯಿತು. ಆದರೆ ಹೈಟಿಯ ಬೆಂಕಿಗೆ ಬಾರ್ಬಡೋಸ್‌ನಲ್ಲಿ ಹೊಗೆ ಕಾಣುವುದಿಲ್ಲ. ಎರಡರ ನಡುವೆ ಸಾವಿರ ಕಿಲೋಮೀಟರಿಗೂ ಜಾಸ್ತಿ ಸಮುದ್ರ ಇದೆ.

ಕೆರಿಬಿಯನ್ ಎಂದರೆ ಒಂದೇ ಊರು ಎಂದುಕೊಳ್ಳುವುದು ನಮ್ಮಲ್ಲಿ ಮಾಮೂಲು. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನನಗೂ ಶುರುವಿನಲ್ಲಿ 'ವೆಸ್ಟ್ ಇಂಡೀಸ್' ಎಂಬ ಒಂದು ದೇಶವೇ ಇದ್ದಂತೆ ಇತ್ತು. ತಪ್ಪು ಕ್ರಿಕೆಟ್ಟಿನದು. ಜಮೈಕಾದಲ್ಲಿ 1980ರ ಚುನಾವಣೆಯ ವರ್ಷ ನೂರಾರು ಜನ ಸತ್ತರು, ನಿಜ. ಗ್ರೆನಡಾದಲ್ಲಿ 1983ರಲ್ಲಿ ಪ್ರಧಾನಿಯನ್ನೇ ಕೊಂದರು, ಅಮೆರಿಕದ ಸೈನ್ಯ ಇಳಿಯಿತು, ಅದೂ ನಿಜ. ಬಾರ್ಬಡೋಸ್‌ನ ಕಥೆ ಬೇರೆ. ಅಲ್ಲಿನ ಪಾರ್ಲಿಮೆಂಟು ಶುರುವಾದದ್ದು 1639ರಲ್ಲಿ, ಮಧುರೆಯಲ್ಲಿ ತಿರುಮಲ ನಾಯಕನೂ ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರೂ ಆಳುತ್ತಿದ್ದ ಕಾಲ. ಆಗ ಓಟು ಇದ್ದದ್ದು ಬಿಳಿ ಜಮೀನುದಾರರಿಗೆ ಮಾತ್ರ, ಅವರ ತೋಟದ ಗುಲಾಮರಿಗೆ ಅಲ್ಲ. ವಯಸ್ಸಿಗೆ ಬಂದ ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆ ನಡೆದದ್ದು 1951ರ ಡಿಸೆಂಬರಿನಲ್ಲಿ. ನಮ್ಮ ದೇಶದ ಮೊದಲ ಮಹಾಚುನಾವಣೆ ಆಗಲೇ ನಡೆಯುತ್ತಿತ್ತು. ಅಂದರೆ ಈ ವಿಷಯದಲ್ಲಿ ಅವರೂ ನಾವೂ ಒಂದೇ ಬ್ಯಾಚು! ಅಲ್ಲಿಂದೀಚೆಗೆ ಎರಡು ಪಕ್ಷಗಳು ಪಾಳಿ ಹಾಕಿದಂತೆ ಆಳುತ್ತ ಬಂದಿವೆ. ಸೋತವರು ಗಲಾಟೆಯಿಲ್ಲದೆ ಕುರ್ಚಿ ಬಿಟ್ಟಿದ್ದಾರೆ.

ಅಲ್ಲಿ ಅಪರಾಧವೇ ಇಲ್ಲ ಎಂದಲ್ಲ. ಬಂದೂಕಿನ ಕೊಲೆಗಳು ಈಚಿನ ವರ್ಷಗಳಲ್ಲಿ ಏರಿವೆ. ಮೂರು ಲಕ್ಷ ಜನವೂ ಇಲ್ಲದ ದ್ವೀಪದಲ್ಲಿ 2019ರಲ್ಲೂ 2024ರಲ್ಲೂ ಒಟ್ಟು ಕೊಲೆಗಳ ಸಂಖ್ಯೆ ಐವತ್ತರ ಹತ್ತಿರ ಹೋಯಿತು. ಆದರೆ ಅದು ಹುಡುಗರ ಗ್ಯಾಂಗುಗಳ ಜಗಳ. ಚುನಾವಣೆಗೂ ಅದಕ್ಕೂ ನಂಟಿಲ್ಲ. ಮಗ ರಾತ್ರಿ ಹೊತ್ತು ಎಲ್ಲಿ ಓಡಾಡುತ್ತಾನೆ ಎಂದು ಬೇಕಾದರೆ ಕೇಳಿ, ಅದು ತಾಯಿ ಕೇಳಬೇಕಾದ ಪ್ರಶ್ನೆಯೇ.

ಈಗ ಆ ಮೂವತ್ತಕ್ಕೆ ಮೂವತ್ತರ ವಿಷಯ. ನಿಮ್ಮ ಅಣ್ಣನ ಮಗ ಹೇಳಿದ್ದರಲ್ಲಿ ಅಂಕಿ ಸರಿ, ತೀರ್ಮಾನ ತಪ್ಪು.

2018ರ ಮೇ ತಿಂಗಳು ನೆನಪಿದೆಯಾ? ನಮ್ಮಲ್ಲಿ ಅತಂತ್ರ ವಿಧಾನಸಭೆ ಬಂದಿತ್ತು. ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು, 23ಕ್ಕೆ ಕುಮಾರಸ್ವಾಮಿ ಬಂದರು. ನಾವೆಲ್ಲ ಟಿವಿ ಮುಂದೆ ರೆಸಾರ್ಟಿನ ಗೇಟು ನೋಡುತ್ತ ಕೂತಿದ್ದೆವು. ಅದರ ಮಾರನೇ ದಿನ, ಮೇ 24ಕ್ಕೆ, ಬಾರ್ಬಡೋಸ್ ಓಟು ಹಾಕಿತು. ಮಿಯಾ ಮೋಟ್ಲಿ ಅವರ ಬಾರ್ಬಡೋಸ್ ಲೇಬರ್ ಪಾರ್ಟಿ 30ಕ್ಕೆ 30 ಗೆದ್ದಿತು. ಹತ್ತು ವರ್ಷ ಆಳಿದ್ದ ಡೆಮಾಕ್ರಟಿಕ್ ಲೇಬರ್ ಪಾರ್ಟಿಗೆ ಸೊನ್ನೆ. ಪ್ರಧಾನಿ ಫ್ರೂಂಡೆಲ್ ಸ್ಟುವರ್ಟ್ ತಮ್ಮ ಸೀಟನ್ನೂ ಕಳೆದುಕೊಂಡರು. ಅಲ್ಲಿ ಈ ಪಕ್ಷಗಳನ್ನು 'ಬೀಸ್' ಮತ್ತು 'ಡೆಮ್ಸ್' ಎನ್ನುತ್ತಾರೆ, ಮಗನ ಬಾಯಲ್ಲೂ ಕೇಳಿರುತ್ತೀರಿ.

ಒಂದು ಮಾತು ಇಲ್ಲೇ ಗಮನಿಸಿ. 30 ಸೀಟು ಗೆದ್ದದ್ದು ವಿರೋಧ ಪಕ್ಷದಲ್ಲಿ ಕೂತಿದ್ದವರು. ಮೋಸ ಮಾಡುವ ಯಂತ್ರ ಇರುವುದಾದರೆ ಅದು ಆಳುವವರ ಕೈಯಲ್ಲಿ ಇರಬೇಕು. ಆಳುವವರೇ ಸೊನ್ನೆಗೆ ಬಿದ್ದರು. ಇಷ್ಟಕ್ಕೇ ಮೋಸದ ವಾದದ ಬುಡ ಅಲುಗುತ್ತದೆ, ಅಲ್ವಾ?

ಮತದಾನವೂ ಹಳೇ ಪದ್ಧತಿಯದು. ಕಾಗದದ ಮತಪತ್ರ, ಅಭ್ಯರ್ಥಿಯ ಹೆಸರಿನ ಮುಂದೆ ಒಂದು ಇಂಟು ಗುರುತು. ಅಂದೇ ರಾತ್ರಿ ಪಕ್ಷದ ಏಜೆಂಟರ ಎದುರು ಕೈಯಲ್ಲೇ ಎಣಿಕೆ. ನಾನು ಪ್ರಿಸೈಡಿಂಗ್ ಆಫೀಸರ್ ಆಗಿ ಹಲವು ಚುನಾವಣೆ ಮಾಡಿದ್ದೇನೆ. ಮಸ್ಟರಿಂಗ್ ದಿನ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಅದನ್ನು ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ಬಸ್ಸಿಗೆ ಕಾದವನು. ಆ ಅನುಭವದ ಮೇಲೆ ಹೇಳುತ್ತೇನೆ. ಸಣ್ಣ ಊರಿನ ಮತಗಟ್ಟೆಯಲ್ಲಿ ಕಳ್ಳ ಓಟು ಹಾಕುವುದು ಬಹಳ ಕಷ್ಟ. ಎಲ್ಲರಿಗೂ ಎಲ್ಲರ ಮುಖ ಗೊತ್ತು. ಬಾರ್ಬಡೋಸ್‌ನಲ್ಲಿ ಒಂದು ಕ್ಷೇತ್ರಕ್ಕೆ ಮತದಾರರು ಇರುವುದೇ ಎಂಟು ಒಂಬತ್ತು ಸಾವಿರ. ನಮ್ಮ ಕಡೆ ಒಂದೆರಡು ಗ್ರಾಮ ಪಂಚಾಯಿತಿಗೆ ಸಮ.

ಹಾಗಾದರೆ ಸೋತವರಿಗೆ ಓಟೇ ಬಿದ್ದಿರಲಿಲ್ಲವಾ? ಬಿದ್ದಿತ್ತು. 2018ರಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸು ಡೆಮ್ಸ್‌ಗೆ ಬಿತ್ತು. 2022ರಲ್ಲಿ ಮೋಟ್ಲಿ ಅವಧಿ ಮುಗಿಯುವ ಮೊದಲೇ ಚುನಾವಣೆ ಕರೆದರು. ಮತ್ತೆ 30ಕ್ಕೆ 30. ಆಗ ಅವರ ಪಕ್ಷಕ್ಕೆ ಬಿದ್ದದ್ದು ಸುಮಾರು 69%. ಡೆಮ್ಸ್‌ಗೆ ಕಾಲು ಭಾಗಕ್ಕಿಂತ ತುಸು ಜಾಸ್ತಿ. ನಾಲ್ವರಲ್ಲಿ ಒಬ್ಬರು ಬೇರೆ ಪಕ್ಷಕ್ಕೆ ಹಾಕಿದರೂ ಒಂದು ಸೀಟೂ ಬರಲಿಲ್ಲ!

ಇದು ಲೆಕ್ಕದ ಆಟ. ಅಲ್ಲಿಯೂ ನಮ್ಮಂತೆಯೇ, ಒಂದು ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಓಟೋ ಅವರು ಗೆದ್ದರು, ಉಳಿದ ಓಟಿಗೆ ಲೆಕ್ಕವಿಲ್ಲ. ನೀವು ಟೀಚರು, ಹೀಗೆ ಯೋಚಿಸಿ. ಒಂದು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ಮೂವತ್ತು ತಟ್ಟೆಗೆ ಬಡಿಸಿದಿರಿ. ರವೆ ಮುಕ್ಕಾಲು, ಬಟಾಣಿ ಕಾಲು. ಚೆನ್ನಾಗಿ ಕಲಸಿದ್ದರೆ ಪ್ರತಿ ತಟ್ಟೆಯಲ್ಲೂ ರವೆಯೇ ಜಾಸ್ತಿ. ತಟ್ಟೆಗಳ ಲೆಕ್ಕ ತೆಗೆದರೆ ರವೆ 30, ಬಟಾಣಿ ಸೊನ್ನೆ. ಬಟಾಣಿ ಗೆಲ್ಲಬೇಕಾದರೆ ಎಲ್ಲಾದರೂ ಒಂದು ಮೂಲೆಯಲ್ಲಿ ಗುಂಪಾಗಿರಬೇಕು.

ಬಾರ್ಬಡೋಸ್ ಚೆನ್ನಾಗಿ ಕಲಸಿದ ಪಾತ್ರೆ. ಉದ್ದ 34 ಕಿಲೋಮೀಟರು, ಅಗಲ 23. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೆಂದರೆ ಸಾಗರದಿಂದ ಜೋಗಕ್ಕೆ ಹೋದಷ್ಟು. ಹತ್ತರಲ್ಲಿ ಒಂಬತ್ತು ಜನ ಆಫ್ರಿಕಾ ಮೂಲದವರು. ಭಾಷೆ ಒಂದು, ಕೇಳುವ ರೇಡಿಯೋ ಒಂದು, ಬೈಯುವ ಬಸ್ಸೂ ಒಂದು. ಉತ್ತರದ ಹಳ್ಳಿಯಲ್ಲಿ ಸಿಟ್ಟು ಬಂದರೆ ದಕ್ಷಿಣದ ಪೇಟೆಯಲ್ಲೂ ಅದೇ ಸಿಟ್ಟು. ನಮ್ಮ ರಾಜ್ಯದಲ್ಲಿ ಹಳೇ ಮೈಸೂರಿನ ಗಾಳಿ ಬೇರೆ, ಕಲ್ಯಾಣ ಕರ್ನಾಟಕದ್ದು ಬೇರೆ, ಕರಾವಳಿಯದ್ದು ಬೇರೆ. ಅದಕ್ಕೇ ಎಂಥ ಅಲೆ ಬಂದರೂ ಸೋತವರಿಗೆ ಎಲ್ಲಾದರೂ ಒಂದು ಕೋಟೆ ಉಳಿಯುತ್ತದೆ.

ಪಕ್ಕದ ಟ್ರಿನಿಡಾಡ್ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಭಾರತೀಯ ಮೂಲದವರು, ಆಫ್ರಿಕಾ ಮೂಲದವರು ಹೆಚ್ಚು ಕಡಿಮೆ ಸಮಸಮ, ವಾಸ ಬೇರೆ ಬೇರೆ ಭಾಗಗಳಲ್ಲಿ. ಹಾಗಾಗಿ ಯಾರೂ ಎಲ್ಲವನ್ನೂ ಗುಡಿಸಿಕೊಂಡು ಹೋಗಲು ಆಗುವುದಿಲ್ಲ. 2001ರಲ್ಲಿ 18-18 ಬಂತು. ಪಾರ್ಲಿಮೆಂಟಿಗೆ ಒಬ್ಬ ಸ್ಪೀಕರನ್ನು ಆರಿಸಲೂ ಆಗದೆ ಮಾರನೇ ವರ್ಷ ಮತ್ತೆ ಚುನಾವಣೆಗೆ ಹೋದರು. ಬಾರ್ಬಡೋಸ್‌ನಲ್ಲಿ ಭಾರತೀಯರು ನೂರಕ್ಕೆ ಒಬ್ಬರಷ್ಟು. ಹೆಚ್ಚಿನವರು ಸೂರತ್ ಕಡೆಯಿಂದ ಹೋಗಿ, ಮನೆಮನೆಗೆ ಬಟ್ಟೆ ಮಾರುತ್ತ ನೆಲೆನಿಂತ ಗುಜರಾತಿ ಮುಸ್ಲಿಂ ಕುಟುಂಬಗಳು. ಅಲ್ಲಿ ಚುನಾವಣೆ ಜನಾಂಗದ ಜಗಳವಾಗಿ ನಡೆಯುವುದಿಲ್ಲ.

ಇಂಥದ್ದು ನಮ್ಮ ದೇಶದಲ್ಲೂ ಆಗಿದೆ, ನಾವೇ ಮರೆತಿದ್ದೇವೆ. ಸಿಕ್ಕಿಂನಲ್ಲಿ 32 ಸೀಟು. 1989ರಲ್ಲಿ ಭಂಡಾರಿ ಅವರ ಪಕ್ಷ 32ನ್ನೂ ಗೆದ್ದಿತು, ಮುಂದಿನ ಚುನಾವಣೆಯಲ್ಲೇ ಸೋತಿತು. 2009ರಲ್ಲಿ ಚಾಮ್ಲಿಂಗ್ ಅವರಿಗೆ 32ಕ್ಕೆ 32. ಅವರನ್ನೂ ಮುಂದೆ ಜನ ಇಳಿಸಿದರು. ಹಾಗೆಯೇ ಸೀಟಿಗೂ ಓಟಿಗೂ ತಾಳೆ ಇರಲೇಬೇಕೆಂದಿಲ್ಲ. ಆಗಲೇ ಹೇಳಿದ 2018ರ ನಮ್ಮ ಚುನಾವಣೆಯಲ್ಲೇ ಕಾಂಗ್ರೆಸ್ಸಿಗೆ ಸುಮಾರು 38% ಓಟು ಬಿದ್ದು 78 ಸೀಟು ಬಂತು, ಬಿಜೆಪಿಗೆ ಸುಮಾರು 36% ಬಿದ್ದು 104.

ಸರ್ವಾಧಿಕಾರದ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಗ್ರೆನಡಾದಲ್ಲಿದೆ. 15 ಸೀಟಿನ ದ್ವೀಪ. ಕೀತ್ ಮಿಚೆಲ್ ಅವರ ಪಕ್ಷ 1999ರಲ್ಲಿ 15ಕ್ಕೆ 15, 2013ರಲ್ಲಿ 15ಕ್ಕೆ 15, 2018ರಲ್ಲೂ 15ಕ್ಕೆ 15. ಆಮೇಲೆ 2022ರ ಜೂನಿನಲ್ಲಿ 6-9ರಿಂದ ಸೋತು ಮನೆಗೆ ಹೋದರು. ಸೋಲಿಸಿದವರ ಹೆಸರೂ ಮಿಚೆಲ್ಲೇ, ಡಿಕನ್ ಮಿಚೆಲ್. ಸೇಂಟ್ ವಿನ್ಸೆಂಟ್‌ನದು ಇನ್ನೂ ತಮಾಷೆ. 2020ರಲ್ಲಿ ಅಲ್ಲಿನ ವಿರೋಧ ಪಕ್ಷಕ್ಕೆ ಓಟು ಜಾಸ್ತಿ ಬಿತ್ತು, ಸೀಟು ಮಾತ್ರ 15ರಲ್ಲಿ 6. ಅದೇ ಪಕ್ಷ 2025ರ ನವೆಂಬರಿನಲ್ಲಿ 14 ಗೆದ್ದು, 24 ವರ್ಷದಿಂದ ಆಳುತ್ತಿದ್ದ ರಾಲ್ಫ್ ಗೊನ್ಸಾಲ್ವಿಸ್ ಅವರನ್ನು ಇಳಿಸಿತು. ಸಣ್ಣ ದ್ವೀಪದಲ್ಲಿ ಗಾಳಿ ಒಂದೇ ದಿಕ್ಕಿಗೆ ಬೀಸುತ್ತದೆ, ತಿರುಗಿದರೂ ಹಾಗೇ ಪೂರ್ತಿ ತಿರುಗುತ್ತದೆ.

2018ರಲ್ಲಿ ಜನ ಅಷ್ಟು ಸಿಟ್ಟಾದದ್ದು ಯಾಕೆ ಎಂದೂ ಹೇಳಬೇಕು. ದೇಶದ ಸಾಲ ವರ್ಷದ ಒಟ್ಟು ಉತ್ಪನ್ನದ ಒಂದೂವರೆ ಪಟ್ಟು ದಾಟಿತ್ತು. ಹೊರಗಿನಿಂದ ಅಕ್ಕಿ, ಔಷಧಿ, ಪೆಟ್ರೋಲು ತರಿಸಲು ಬೇಕಾದ ಡಾಲರು ಕೆಲವೇ ವಾರಕ್ಕೆ ಸಾಲುವಷ್ಟಿತ್ತು. 'ಸಾಮಾಜಿಕ ಹೊಣೆಗಾರಿಕೆ' ಎಂಬ ಚಂದದ ಹೆಸರಿನ ಒಂದು ಸುಂಕವನ್ನು 2017ರಲ್ಲಿ 2%ನಿಂದ ಒಮ್ಮೆಗೇ 10%ಗೆ ಏರಿಸಿದ್ದರು, ಅಂಗಡಿಯಲ್ಲಿ ಎಲ್ಲದರ ಬೆಲೆ ಏರಿತು. ಅಲ್ಲಿಯವರೆಗೆ ಪುಕ್ಕಟೆಯಾಗಿದ್ದ ಯೂನಿವರ್ಸಿಟಿ ಓದಿಗೆ 2014ರಿಂದ ಫೀಸು ಬಂದಿತ್ತು. ಇದೆಲ್ಲಕ್ಕಿಂತ ಕಣ್ಣಿಗೆ, ಮೂಗಿಗೆ ರಾಚಿದ್ದು ಚರಂಡಿ. ಪ್ರವಾಸಿಗಳು ಇಳಿಯುವ ದಕ್ಷಿಣ ಕಡಲ ತೀರದಲ್ಲೇ ಒಳಚರಂಡಿ ಒಡೆದು ಕೊಳಚೆ ರಸ್ತೆಗೆ ಹರಿಯಿತು, ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ. ಪ್ರವಾಸೋದ್ಯಮದಿಂದ ಬದುಕುವ ಊರಿನಲ್ಲಿ ಇದಕ್ಕಿಂತ ದೊಡ್ಡ ಚುನಾವಣಾ ಭಾಷಣ ಬೇಕೇ? ಸಾಲದ ಅಂಕಿಅಂಶ ಯಾರಿಗೂ ಅರ್ಥವಾಗದಿರಬಹುದು. ವಾಸನೆ ಎಲ್ಲರಿಗೂ ಅರ್ಥವಾಗುತ್ತದೆ.

ವಿರೋಧ ಪಕ್ಷ ಇಲ್ಲದಿದ್ದರೆ ಪರವಾಗಿಲ್ಲ ಎನ್ನುತ್ತಿಲ್ಲ ನಾನು. ಅಲ್ಲೇ ನನಗೆ ನಿಜವಾದ ಆತಂಕ ಇರುವುದು. ಸರ್ಕಾರದ ಖರ್ಚಿನ ಲೆಕ್ಕ ನೋಡುವ ಸಮಿತಿಗೆ ಅಲ್ಲಿ ವಿರೋಧ ಪಕ್ಷದ ನಾಯಕರೇ ಅಧ್ಯಕ್ಷರು. ನಾಯಕರೇ ಇಲ್ಲದಿದ್ದರೆ ಲೆಕ್ಕ ಕೇಳುವವರು ಯಾರು? ಮೇಲ್ಮನೆಯಲ್ಲಿ 21 ಜನ. 12 ಜನರನ್ನು ಪ್ರಧಾನಿ ಹೇಳಿದಂತೆ ನೇಮಿಸುತ್ತಾರೆ, ಇಬ್ಬರನ್ನು ವಿರೋಧ ಪಕ್ಷದ ನಾಯಕರು ಹೇಳಿದಂತೆ. ಉಳಿದ 7 ಜನರನ್ನು ದೇಶದ ಅಧ್ಯಕ್ಷರು ಆರಿಸುತ್ತಾರೆ. ಇಲ್ಲೊಂದು ಒಳ್ಳೆಯ ಬೀಗ ಇದೆ. ಸಂವಿಧಾನದ ಮುಖ್ಯ ಭಾಗಗಳನ್ನು ಬದಲಾಯಿಸಲು ಎರಡೂ ಮನೆಯಲ್ಲಿ ಮೂರನೇ ಎರಡು ಭಾಗ ಬೇಕು. ಮೇಲ್ಮನೆಯಲ್ಲಿ ಅದು 14. ಸರ್ಕಾರದ ಕೈಯಲ್ಲಿ 12. ಕೆಳಮನೆ ಪೂರ್ತಿ ತನ್ನದೇ ಆದರೂ ಹೊರಗಿನ ಇಬ್ಬರನ್ನು ಒಪ್ಪಿಸದೆ ಸಂವಿಧಾನದ ಆ ಭಾಗಗಳಿಗೆ ಕೈ ಹಾಕಲಾಗದು. 2021ರಲ್ಲಿ ಬ್ರಿಟನ್ನಿನ ರಾಣಿಯನ್ನು ಬಿಟ್ಟು ಗಣರಾಜ್ಯವಾದದ್ದೂ ಈ ಬೀಗ ದಾಟಿಯೇ.

ಇನ್ನೊಂದು ಸ್ವಾರಸ್ಯ ಕೇಳಿ. ಆಗ ಅಲ್ಲಿ ನಮ್ಮಂತೆ ಪಕ್ಷಾಂತರ ನಿಷೇಧ ಕಾನೂನು ಇರಲಿಲ್ಲ. 2018ರಲ್ಲಿ ಫಲಿತಾಂಶ ಬಂದು ಕೆಲವೇ ದಿನಕ್ಕೆ, ಗೆದ್ದ ಮೂವತ್ತರಲ್ಲಿ ಒಬ್ಬರಾದ ಬಿಷಪ್ ಜೋಸೆಫ್ ಆತರ್ಲಿ ಎದ್ದು ಎದುರಿನ ಖಾಲಿ ಬೆಂಚಿಗೆ ಹೋಗಿ ಕೂತರು, ಒಬ್ಬರೇ ವಿರೋಧ ಪಕ್ಷದ ನಾಯಕರಾದರು. 2024ರ ಫೆಬ್ರವರಿಯಲ್ಲಿ ರಾಲ್ಫ್ ಥಾರ್ನ್ ಎಂಬ ಇನ್ನೊಬ್ಬ ಸದಸ್ಯರು ಹಾಗೇ ಮಾಡಿದರು. ಆ ಹುದ್ದೆಗೆ ಸಂಬಳ, ಆಫೀಸು ಇದೆ, ಅದಕ್ಕೇ ಹೋದರು ಎಂದು ಕೊಂಕು ಆಡುವವರೂ ಇದ್ದಾರೆ. ಇರಲಿ. ನಮ್ಮಲ್ಲಿ ಶಾಸಕರು ಅಧಿಕಾರ ಇರುವ ಕಡೆಗೆ ಹಾರುವುದನ್ನೇ ನೋಡಿ ಅಭ್ಯಾಸವಾದ ನನಗೆ, ಅಧಿಕಾರ ಬಿಟ್ಟು ಖಾಲಿ ಬೆಂಚಿಗೆ ಹಾರಿದವರನ್ನು ನೋಡಿದರೆ ಒಂಥರಾ ಖುಷಿ.

ಮೂವತ್ತರ ಅಂಕಿಗಿಂತ ನನ್ನನ್ನು ಕಾಡುವುದು ಇನ್ನೊಂದು ಅಂಕಿ. 2018ರಲ್ಲಿ ಓಟು ಹಾಕಿದವರು ನೂರಕ್ಕೆ ಸುಮಾರು 60. 2022ರಲ್ಲಿ 42ರ ಆಸುಪಾಸು. ಕೋವಿಡ್ ಇತ್ತು, ಸೋಂಕು ತಗಲಿ ಮನೆಯಲ್ಲಿದ್ದ ಸಾವಿರಾರು ಜನರಿಗೆ ಓಟು ಹಾಕಲು ದಾರಿಯೇ ಇರಲಿಲ್ಲ. ಅದು ಕೋರ್ಟಿಗೂ ಹೋಯಿತು, ಚುನಾವಣೆ ನಿಲ್ಲಲಿಲ್ಲ. ಆದರೆ ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಲಾಗದು. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಬಿಸಿಲಲ್ಲಿ ಕ್ಯೂ ನಿಲ್ಲುವವರು ಕಡಿಮೆ. ಎಂಟೂವರೆ ಸಾವಿರ ಮತದಾರರ ಕ್ಷೇತ್ರದಲ್ಲಿ 42% ಎಂದರೆ ಸುಮಾರು 3,600 ಜನ. ಅದರಲ್ಲಿ ಎರಡೂವರೆ ಸಾವಿರ ಸಿಕ್ಕರೆ ಭಾರೀ ಗೆಲುವು. ಅಷ್ಟು ಜನ ನಮ್ಮಲ್ಲಿ ಒಂದು ಮಾರಿ ಜಾತ್ರೆಯ ಸಾಲಿನಲ್ಲಿ ನಿಂತಿರುತ್ತಾರೆ. ಇಂಥ ಕಡೆ ಒಂದೊಂದು ಮನೆಯನ್ನೂ ಒಲಿಸಿಕೊಳ್ಳುವ ಆಸೆ ಪಕ್ಷಗಳಿಗೆ ಬರುವುದು ಸಹಜ. 'ರಮ್ ಮತ್ತು ಕಾರ್ನ್ ಬೀಫ್ ರಾಜಕಾರಣ' ಎಂಬ ಮಾತೇ ಅಲ್ಲಿದೆ, ಅಂದರೆ ಹೆಂಡ, ಡಬ್ಬಿ ಮಾಂಸ ಹಂಚಿ ಓಟು ಕೇಳುವುದು. ನಮ್ಮ ಬಾಡೂಟದ ದಾಯಾದಿ.

ಸಾಲ, ಪರ್ಮಿಟ್ ವಿಷಯ ಬೇಗ ಹೇಳಿಬಿಡುತ್ತೇನೆ. ದೇಶ ಕೈ ಎತ್ತಿದ್ದು ನಿಜ. 2018ರ ಜೂನ್ 1ಕ್ಕೆ, ಅಧಿಕಾರಕ್ಕೆ ಬಂದು ವಾರದೊಳಗೆ, ಹೊರದೇಶದ ಖಾಸಗಿ ಸಾಲಗಾರರಿಗೆ ಕಂತು ಕಟ್ಟುವುದನ್ನು ಮೋಟ್ಲಿ ನಿಲ್ಲಿಸಿದರು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹತ್ತಿರ ಹೋದರು, ಸಾಲದ ಷರತ್ತುಗಳನ್ನು ಬದಲಿಸಿದರು. ಸರ್ಕಾರಿ ಬಾಂಡ್ ಕೊಂಡಿದ್ದ ಸ್ಥಳೀಯರಿಗೂ ಪೆಟ್ಟು ಬಿತ್ತು. ಆದರೆ ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರು ಎಂಬ ಲೆಕ್ಕ 1975ರಿಂದ ಇದ್ದದ್ದು ಆಗಲೂ ಅಲುಗಲಿಲ್ಲ. ಮಗ ಕಳಿಸುವ ದುಡ್ಡಿಗೆ ಮುಖ್ಯವಾದದ್ದು ಅದು. ಸುಮ್ನೆ ಒಂದು ಮುನ್ನೆಚ್ಚರಿಕೆ ಹೇಳುವುದಾದರೆ, ಉಳಿತಾಯವನ್ನೆಲ್ಲ ಅಲ್ಲಿನ ಸರ್ಕಾರಿ ಬಾಂಡಿನಲ್ಲೇ ಇಡುವುದು ಬೇಡ. ಅವನು ಅಕೌಂಟೆಂಟು, ಅವನಿಗೆ ನಾನು ಹೇಳುವುದು ಅಧಿಕಪ್ರಸಂಗ.

ಪರ್ಮಿಟ್ ಕೊಡುವುದು ಇಮಿಗ್ರೇಷನ್ ಇಲಾಖೆ. ಸರ್ಕಾರ ಬದಲಾಯಿತೆಂದು ಇದ್ದ ಪರ್ಮಿಟ್ಟನ್ನು ಹರಿದು ಎಸೆಯುವ ಪದ್ಧತಿ ಅಲ್ಲಿಲ್ಲ. ಚುನಾವಣೆಗಿಂತ ಅವನು ಗಮನ ಇಡಬೇಕಾದದ್ದು ಬೇರೆ. 2025ರ ಅಕ್ಟೋಬರ್ 1ರಿಂದ ಬಾರ್ಬಡೋಸ್, ಬೆಲೀಜ್, ಡೊಮಿನಿಕಾ, ಸೇಂಟ್ ವಿನ್ಸೆಂಟ್ ದೇಶಗಳ ಜನ ತಮ್ಮೊಳಗೆ ಪರ್ಮಿಟ್ ಇಲ್ಲದೆಯೇ ಹೋಗಿ ನೆಲೆಸಿ ಕೆಲಸ ಮಾಡಬಹುದು. ಅಂದರೆ ಕಂಪನಿಗೆ ಕಾಗದಪತ್ರದ ತಲೆನೋವಿಲ್ಲದ ಜನ ಹತ್ತಿರದಲ್ಲೇ ಸಿಗುತ್ತಾರೆ. ಪರ್ಮಿಟ್ ನವೀಕರಣದ ಅರ್ಜಿಯನ್ನು ಕೊನೆ ಗಳಿಗೆಗೆ ಬಿಡಬೇಡ ಎನ್ನಿ.

ಇನ್ನು ಓಟಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಸಹೋದ್ಯೋಗಿ ಹೇಳಿದ್ದು ತಮಾಷೆ ಅಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆ, 18 ತುಂಬಿದವರು, ಬಾರ್ಬಡೋಸ್‌ನಲ್ಲಿ ಮೂರು ವರ್ಷ ಕಾನೂನುಬದ್ಧವಾಗಿ ವಾಸ ಮಾಡಿದ್ದರೆ ಮತದಾರರ ಪಟ್ಟಿಗೆ ಸೇರಲು ಅಲ್ಲಿನ ಕಾನೂನು ದಾರಿ ಬಿಟ್ಟಿತ್ತು. ಬ್ರಿಟನ್ನಿನಲ್ಲೂ ಹೀಗೇ. ಲಂಡನ್ನಿನಲ್ಲಿರುವ ನನ್ನ ಹಳೇ ವಿದ್ಯಾರ್ಥಿಗಳು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಓಟು ಹಾಕುತ್ತಾರೆ. ನಾವು ಗಣರಾಜ್ಯವಾದ ಮೇಲೂ ಕಾಮನ್‌ವೆಲ್ತ್ ಬಿಡಲಿಲ್ಲವಲ್ಲ, ಅದರ ಒಂದು ಸಣ್ಣ ಲಾಭ.

ಆದರೆ ಕಾನೂನಿನಲ್ಲಿ ಇದ್ದದ್ದು ಕೌಂಟರಿನಲ್ಲಿ ಸಿಗುತ್ತಿರಲಿಲ್ಲ. ಇದಕ್ಕೊಂದು ಒಳ್ಳೆಯ ಕೇಸು ಇದೆ. ಎಡ್ಡಿ ವೆಂಟೋಸ್ ಎಂಬವರು ಸೇಂಟ್ ಲೂಸಿಯಾ ದೇಶದವರು, ಬಾರ್ಬಡೋಸ್‌ನ ಯೂನಿವರ್ಸಿಟಿಯಲ್ಲಿ ಕಾನೂನು ಪ್ರೊಫೆಸರು. ಪಟ್ಟಿಗೆ ಹೆಸರು ಸೇರಿಸಿ ಎಂದು ಹೋದರೆ ಚುನಾವಣಾ ಅಧಿಕಾರಿಗಳು ಆಗುವುದಿಲ್ಲ ಎಂದರು. ಪ್ರಜೆಯಾಗಿರಬೇಕು, ಇಲ್ಲವೇ ಖಾಯಂ ವಾಸದ ಅಥವಾ ವಲಸಿಗನ ದರ್ಜೆ ಬೇಕು ಎಂಬುದು ಅವರ ನಿಯಮ. ಕಾನೂನು ಪ್ರೊಫೆಸರಿಗೇ ಹೀಗೆ ಹೇಳಿದರೆ ಬಿಟ್ಟಾರೆಯೇ? ಕೇಸು ಟ್ರಿನಿಡಾಡ್‌ನಲ್ಲಿರುವ ಕೆರಿಬಿಯನ್ ಕೋರ್ಟ್ ಆಫ್ ಜಸ್ಟಿಸ್‌ವರೆಗೆ ಹೋಯಿತು, ಬಾರ್ಬಡೋಸ್‌ಗೆ ಕೊನೆಯ ಮೇಲ್ಮನವಿ ಕೋರ್ಟು ಅದೇ. 2018ರ ಮೇ 13ಕ್ಕೆ ತೀರ್ಪು ಬಂತು. ಕಾನೂನಿನಲ್ಲಿ ಇಲ್ಲದ ಷರತ್ತನ್ನು ಅಧಿಕಾರಿಗಳು ಸೇರಿಸುವಂತಿಲ್ಲ, ಇವರ ಹೆಸರು ಸೇರಿಸಿ ಎಂದಿತು ಕೋರ್ಟು. ಚುನಾವಣೆಗೆ ಹನ್ನೊಂದು ದಿನ ಬಾಕಿ ಇತ್ತು.

ಹಾಗಾಗಿ ನಿಮ್ಮ ಮಗ ಮಾಡಬೇಕಾದದ್ದು ಇಷ್ಟು. ಚುನಾವಣಾ ಮತ್ತು ಕ್ಷೇತ್ರ ಗಡಿ ಆಯೋಗದ ಆಫೀಸಿಗೆ ಖುದ್ದು ಹೋಗಿ, ಇವತ್ತಿನ ನಿಯಮದಂತೆ ತನ್ನ ಪರ್ಮಿಟ್ ಮೇಲೆ ಹೆಸರು ಸೇರುತ್ತದೆಯೇ ಎಂದು ಕೇಳಲಿ. ಪಾಸ್‌ಪೋರ್ಟು, ಶುರುವಿನಿಂದ ಇರುವ ಎಲ್ಲ ಪರ್ಮಿಟ್‌ಗಳ ಪ್ರತಿ, ಬಾಡಿಗೆ ಕರಾರು ತೆಗೆದುಕೊಂಡು ಹೋಗಲಿ. ಅದೇ ಆಯೋಗ ದೇಶದ ಗುರುತಿನ ಚೀಟಿಯನ್ನೂ ಕೊಡುತ್ತದೆ. ಇದರಿಂದ ಗೊಂದಲ ಆಗುತ್ತದೆ. ಐಡಿ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಬಂತು ಎಂದಲ್ಲ. ಸೇರಿಸುವುದಿಲ್ಲ ಎಂದರೆ ಜಗಳ ಬೇಡ, ಬರವಣಿಗೆಯಲ್ಲಿ ಉತ್ತರ ಕೇಳಲಿ. ಕೋರ್ಟಿಗೆ ಹೋಗುವ ಹುಮ್ಮಸ್ಸು ಪ್ರೊಫೆಸರಿಗೆ ಇರಲಿ. ವರ್ಕ್ ಪರ್ಮಿಟ್ ಮೇಲೆ ಸಂಸಾರ ಕಟ್ಟಿಕೊಂಡಿರುವವನಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಇನ್ನು ಮೂರು ವರ್ಷದ ಲೆಕ್ಕದಲ್ಲಿ ಒಂದೆರಡು ತಿಂಗಳು ಕಡಿಮೆ ಬಂದರೆ ಅದನ್ನು ಮುಚ್ಚಿಡುವುದಂತೂ ಬೇಡವೇ ಬೇಡ. ಸುಳ್ಳು ಘೋಷಣೆ ಎಲ್ಲ ದೇಶದಲ್ಲೂ ಅಪರಾಧ, ಹೊರಗಿನವನಿಗೆ ಅದರ ಬೆಲೆ ಜಾಸ್ತಿ.

ಪೌರತ್ವ ಹೋಗುತ್ತದಾ? ಹೋಗುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು, ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದರೆ ಭಾರತದ್ದು ಹೋಗುತ್ತದೆ ಎಂದು. ಓಟು ಹಾಕುವುದು ಪೌರತ್ವ ಪಡೆಯುವುದಲ್ಲ. ಮುಂದೆ ಯಾವತ್ತಾದರೂ ಬಾರ್ಬಡೋಸ್ ಪಾಸ್‌ಪೋರ್ಟ್ ತೆಗೆದುಕೊಂಡರೆ ಮಾತ್ರ ಇಲ್ಲಿನದನ್ನು ಒಪ್ಪಿಸಬೇಕು. ಇನ್ನೊಂದು, ಪಟ್ಟಿಗೆ ಹೆಸರು ಸೇರಿದರೂ ಅವನು ಅಲ್ಲಿ ಓಟು ಹಾಕಬಹುದೇ ಹೊರತು ಚುನಾವಣೆಗೆ ನಿಲ್ಲಲಾಗದು, ಅದಕ್ಕೆ ಅಲ್ಲಿನ ಪ್ರಜೆಯೇ ಆಗಿರಬೇಕು. ನಿಮ್ಮ ಮನೆಯಲ್ಲಿ ಆ ಆಸೆ ಯಾರಿಗೂ ಇರಲಿಕ್ಕಿಲ್ಲ ಬಿಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಅಲ್ಲಿನ ಪಟ್ಟಿಗಿಂತ ಮೊದಲು ಸಾಗರದ ಪಟ್ಟಿ ನೋಡಿ. ಅಲ್ಲಿ ಅವನ ಹೆಸರು ಮಾಮೂಲು ಮತದಾರನಾಗಿ ಇನ್ನೂ ಇರಬಹುದು. ನಾಲ್ಕು ವರ್ಷದಿಂದ ಹೊರದೇಶದಲ್ಲಿರುವವನು ಹಾಗೆ ಇರುವಂತಿಲ್ಲ. ಫಾರಂ 6ಎ ತುಂಬಿ ಸಾಗರೋತ್ತರ ಮತದಾರನಾಗಿ ಸೇರಬೇಕು. ಹಾಗೆ ಸೇರಿದವರು ಇಲ್ಲಿಗೆ ಬಂದು, ಪಾಸ್‌ಪೋರ್ಟ್ ತೋರಿಸಿಯೇ ಓಟು ಹಾಕಬೇಕು. ಬೇರೆ ದೇಶದ ಪೌರತ್ವ ಪಡೆದಿಲ್ಲ ಎಂದು ಆ ಫಾರಂನಲ್ಲಿ ಬರೆದುಕೊಡಬೇಕು, ಅವನು ಧೈರ್ಯವಾಗಿ ಬರೆಯಬಹುದು. ಮತಗಟ್ಟೆಯಲ್ಲಿ ಕೂತಿದ್ದಾಗ ಇಂಥ ಎಷ್ಟು ಹೆಸರು ನೋಡಿದ್ದೇನೋ. ದುಬೈನಲ್ಲಿ ಇರುವವನ ಹೆಸರು ಊರಲ್ಲಿ, ಊರಲ್ಲೇ ಇರುವ ಅಜ್ಜಿಯ ಹೆಸರು ಮಾಯ!

ಕೊನೆಗೆ, ಅವನು ಓಟು ಹಾಕಬೇಕಾ? ಅದು ಅವನಿಗೆ ಬಿಟ್ಟದ್ದು. ತೆರಿಗೆ ಕಟ್ಟುತ್ತಾನೆ, ಮಗು ಅಲ್ಲಿನ ಶಾಲೆಗೆ ಹೋಗುತ್ತದೆ. ನಾನಾಗಿದ್ದರೆ ಹೆಸರು ಸೇರಿದರೆ ಹೋಗಿ ಹಾಕಿ, ಸುಮ್ಮನೆ ಮನೆಗೆ ಬರುತ್ತಿದ್ದೆ. ಪಕ್ಷದ ಕೆಂಪು, ಹಳದಿ ಟೀ ಶರ್ಟು ಹಾಕಿಕೊಂಡು ಸಭೆಗೆ ಹೋಗುವುದು, ಫೇಸ್‌ಬುಕ್‌ನಲ್ಲಿ ಯಾರನ್ನೋ ಬೈಯುವುದು ಬೇಡ. ಸಣ್ಣ ಊರು. ಇವತ್ತು ಬೈಸಿಕೊಂಡವರು ನಾಳೆ ಬ್ಯಾಂಕಿನ ಕ್ಯೂನಲ್ಲಿ ಅವನ ಹಿಂದೆಯೇ ನಿಂತಿರುತ್ತಾರೆ.

ಚುನಾವಣೆ ದಿನ ಅಲ್ಲಿ ಮತದಾನ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ನಮಗೂ ಅವರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅವರ ಮತಗಟ್ಟೆ ಮುಚ್ಚುವ ಹೊತ್ತಿಗೆ ನಿಮಗೆ ಬೆಳಗಿನ ಜಾವ ಮೂರೂವರೆ. ಆಗ ಎದ್ದು ಫೋನ್ ಹಿಡಿದು ಕೂರಬೇಡಿ, ಎಣಿಕೆ ಶುರುವೇ ಆಗಿರುವುದಿಲ್ಲ. ಅವರಿಗೆ ರಾತ್ರಿ ಹನ್ನೊಂದು ಎಂದರೆ ನಿಮಗೆ ಬೆಳಿಗ್ಗೆ ಎಂಟೂವರೆ. ತಿಂಡಿ ಮುಗಿಸಿ ಮಗನಿಗೆ ಫೋನ್ ಮಾಡಿ, ಯಾರು ಗೆದ್ದರೆಂದು ಅವನೇ ಹೇಳುತ್ತಾನೆ.